ಕೈಗೊಡಲಿ ನೋಡಿ ಅದನ್ನು ಮಾಡಿದವರು ಹೇಗೆ ಕೂಡಿ ಬಾಳುತ್ತಿದ್ದರು ಅಂತ ಹೇಳೋಕಾಗುತ್ತಾ?

ಕಲ್ಲುಸಕ್ಕರೆ:
ಮಗಳ ಮನೆಗೆ ಹೋದಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಫ್ರಿಕಾದ ಟಾಂಜಾನಿಯಾದ ಓಲ್ಡುವಾಯಿ ಕಣಿವೆಯ ಕೈಗೊಡಲಿ ನೋಡಿದೆ. ಕೈಗೊಡಲಿ ಅಂದರೆ ಆದಿಮಾನವರು ಕೆತ್ತಿ, ಹಿಡಿ ಇಲ್ಲದೆ ಅಂಗೈಯಲ್ಲೇ ಹಿಡೀತಿದ್ದ ಕಲ್ಲಿನ ಉಪಕರಣ. ಹಸಿರು ಛಾಯೆಯ ಜ್ವಾಲಾಮುಖಿ ಕಲ್ಲು, ಕಣ್ಣೀರ ಹನಿಯ ಆಕಾರ, ಎಡಬಲ ಎರಡೂ ಸಮ. 12 ಲಕ್ಷ ವರ್ಷಕ್ಕೂ ಹಳೆಯದು. ಮಗಳು "ಅಮ್ಮ, ಬಾ, ಮಮ್ಮಿಗಳು ಆ ಕಡೆ ಇವೆ" ಅಂತ ಎಳೀತಾ ಇದ್ದಳು, ನಾನು ಅಲ್ಲೇ ನಿಂತುಬಿಟ್ಟೆ.

ನನ್ನ ತಲೆ ಕೊರೆಯೋ ಪ್ರಶ್ನೆ ಇದು. ಮಾಂಸ ಕುಯ್ಯೋಕೆ ಕಲ್ಲಿಂದ ಹಾರಿದ ಒಂದು ಹರಿತವಾದ ಚಕ್ಕೆ ಸಾಕು. ಹಾಗಿದ್ದ ಮೇಲೆ ಎರಡೂ ಮುಖಕ್ಕೆ ಪೆಟ್ಟು ಹಾಕಿ ಇಷ್ಟು ಚೆಂದ ಮಾಡೋ ಉಸಾಬರಿ ಯಾಕೆ? ವಾಪಸ್ ಬಂದು ಓದ್ತಾ ಹೋದೆ. 1999ರಲ್ಲಿ ಮಾರೆಕ್ ಕೋನ್ ಮತ್ತು ಸ್ಟೀವನ್ ಮಿಥೆನ್ ಅನ್ನೋರು, ಇದು ನವಿಲುಗರಿ ಇದ್ದ ಹಾಗೆ, ಹೆಣ್ಣಿನ ಮನಸ್ಸು ಗೆಲ್ಲೋಕೆ ಗಂಡು ತೋರಿಸ್ತಿದ್ದ ಕೈಚಳಕ ಅಂತ ಬರೆದಿದ್ದಾರೆ. ಆಮೇಲೆ ಪೆನ್ನಿ ಸ್ಪೈಕಿನ್ಸ್ ಅನ್ನೋರು ಅಲ್ಲ, ಇಷ್ಟು ತಾಳ್ಮೆಯಿಂದ ಕೆಲಸ ಮಾಡೋ ಮನುಷ್ಯ ನಂಬಿಕಸ್ತ, ಅಂಥವನ ಜೊತೆ ಬಾಳಬಹುದು ಅನ್ನೋ ಗುರುತು ಅದು ಅಂತಾರೆ. ಎರಡನ್ನೂ ಓದಿದಾಗ ಹೌದಲ್ಲ ಅನ್ನಿಸ್ತು. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ? ತಿಳಿದವರು ಹೇಳಿ.

ಮಲೆನಾಡ್ತಿ:
ಅಕ್ಕಾ, ಆ ನವಿಲುಗರಿ ವಾದ ಬರೆದೋರು ಇಬ್ಬರೂ ಗಂಡಸರು ಅನ್ನೋದನ್ನ ಮೊದಲು ಗಮನಿಸಿ 😄

ತಮಾಷೆ ಬಿಡಿ. ಏಪ್ರಿಲ್ ನೋವೆಲ್ ಮತ್ತು ಮೆಲನಿ ಚಾಂಗ್ 2009ರಲ್ಲಿ ಇದನ್ನ ಎಳೆ ಎಳೆಯಾಗಿ ಬಿಡಿಸಿದ್ದಾರೆ. ಕೊಡಲಿ ಮಾಡಿದ್ದು ಗಂಡಸೇ ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಹೆಂಗಸರೂ ಮಕ್ಕಳೂ ಮಾಡಿರಬಹುದು. ನವಿಲಿನ ಗರಿ ನವಿಲಿನ ಮೈಮೇಲೇ ಇರುತ್ತೆ, ಕೊಡಲಿ ಹಾಗಲ್ಲ. ಅಣ್ಣ ಮಾಡಿದ್ದನ್ನ ತಮ್ಮ ಎತ್ಕೊಂಡು ಹೋಗಿ "ನಂದೇ" ಅಂದರೆ ಮುಗೀತು. ಮೋಸ ಮಾಡೋಕೆ ಇಷ್ಟು ಸುಲಭ ಇರೋದು ಗುಣದ ಗುರುತು ಹೇಗಾದೀತು?

ಗೀಜಗ:
ನನ್ನ ಹೆಸರಿಗೆ ತಕ್ಕ ಉತ್ತರ ಕೊಡ್ತೀನಿ, ಬೈಬೇಡಿ.

ಗೀಜಗನ ಗೂಡು ನೋಡಿದ್ದೀರಲ್ಲ. ಹುಲ್ಲಿನ ಎಸಳು ಸೀಳಿ, ಗಂಟು ಹಾಕಿ, ಒಳಗೆ ಕೋಣೆ, ಕೆಳಗೆ ಕೊಳವೆಯಂಥ ಬಾಗಿಲು. ಅಷ್ಟೂ ಕಡೆ ಒಂದೇ ನಮೂನೆ. ಗೀಜಗಕ್ಕೆ ಗುರುಕುಲ ಉಂಟಾ? ಮರಿ ಹಕ್ಕಿ ಮೊದಮೊದಲು ಸೊಟ್ಟ ಕಟ್ಟುತ್ತೆ, ಕಟ್ಟಿ ಕಟ್ಟಿ ಕಲಿಯುತ್ತೆ, ಆದರೆ ನಕ್ಷೆ ಹುಟ್ಟಿನಿಂದಲೇ ಬಂದದ್ದು. ಕೈಗೊಡಲಿಯ ಕಥೆ ನೋಡಿ. ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಕೊಕಿಸೆಲೆಯಲ್ಲಿ ಸಿಕ್ಕಿದ್ದು 17.6 ಲಕ್ಷ ವರ್ಷ ಹಳೆಯದು. ಅಲ್ಲಿಂದ ಮುಂದೆ ಹದಿನಾಲ್ಕು ಹದಿನೈದು ಲಕ್ಷ ವರ್ಷ, ಆಫ್ರಿಕಾ, ಯುರೋಪು, ಇಂಡಿಯಾ, ಹೆಚ್ಚುಕಮ್ಮಿ ಅದೇ ಆಕಾರ. ನಮ್ಮಲ್ಲಿ ಅಜ್ಜಿಯ ಒಗ್ಗರಣೆ ಮೊಮ್ಮಗಳ ಕೈಗೆ ಬರೋ ಹೊತ್ತಿಗೆ ಬದಲಾಗಿರುತ್ತೆ. ಕಲಿಸಿ ಕಲಿತದ್ದು ಸಾವಿರಾರು ತಲೆಮಾರು ಅಲ್ಲಾಡದೆ ನಿಂತೀತಾ? ರೇಮಂಡ್ ಕಾರ್ಬಿ ಮತ್ತು ಸಂಗಡಿಗರು 2016ರಲ್ಲಿ ಇದನ್ನೇ ಹೇಳಿದ್ದು: ಕೈಗೊಡಲಿಯಲ್ಲಿ ಒಂದು ಪಾಲಾದರೂ ಹಕ್ಕಿಯ ಹಾಡಿನ ಹಾಗೆ ರಕ್ತದಲ್ಲಿ ಬಂದಿರಬಹುದು ಅಂತ.

ಹಾಗಿದ್ದರೆ ಸಮಾಜ, ನಂಬಿಕೆ, ಪ್ರೀತಿ ಪ್ರೇಮ ಎಲ್ಲ ನಾವು ತುಂಬಿಸ್ತಿರೋದು.

ಸಗರನಾಡು:
ಗೀಜಗ ಸರ, ಹಕ್ಕಿ ಕಥಿ ಛಲೋ ಐತಿ. ಆದ್ರ ನೀವೆಲ್ಲಾ ಗಾಜಿನ ಪೆಟ್ಟಿಗ್ಯಾಗಿನ ಕಲ್ಲು ನೋಡಿ ಮಾತಾಡಾಕತ್ತೀರಿ. ನಮ್ಮ ಯಾದಗಿರಿ ಜಿಲ್ಲಾದ ಹುಣಸಗಿ ಕಡೆ ಒಮ್ಮೆ ಬರ್ರಿ. ಇಸಾಂಪುರ ಅಂತ ಊರು. ಅಲ್ಲಿ ಕೊಡಲಿಗಿಂತ ಕಸನೇ ಜಾಸ್ತಿ ಅದ. ಕಸ ಅಂದ್ರ ಕಲ್ಲಿನ ಚಕ್ಕಿ, ಒಡದ ಹಾಸುಗಲ್ಲು, ಅರ್ಧಕ್ಕ ಬಿಟ್ಟದ್ದು. ನಾ ಸಣ್ಣಾವಿದ್ದಾಗ ನಮ್ಮ ಮಾಮಾ ತೋರ್ಸಿದ್ರು, "ಪುಣೆದವರು ಬಂದು ಬ್ರಶ್ ಹಿಡ್ಕೊಂಡು ಕೂಡ್ತಿದ್ರು, ಒಂದ್ ದಿನಕ್ಕ ಒಂದ್ ಗೇಣು ಅಗೀತಿರಲಿಲ್ಲ" ಅಂತ ನಗ್ತಿದ್ರು. ಕಾಲುವಿ ನೀರು ಬಂದ ಮ್ಯಾಲ ಸುತ್ತಾ ಭತ್ತ ಆಗ್ಯದ, ಈಗ ಹೋದ್ರ ಗುರುತು ಹಿಡಿಯೋದು ಕಷ್ಟ.

ಅದು ಕಾರ್ಖಾನಿ ಇದ್ದಂಗ್ರಿ. ಒಬ್ಬಾವ ಒಂದ್ ಕಲ್ಲು ಕೆತ್ತಿ ಹೋದ ಜಾಗ ಅಲ್ಲ ಅದು. ಮೇಷ್ಟ್ರು ಇದ್ರ ಬಿಡಿಸಿ ಹೇಳ್ರಿ.

ಇತಿಹಾಸದ_ಮೇಷ್ಟ್ರು:
ಕರೆದಿರಿ, ಬಂದೆ. ಉದ್ದ ಆದರೆ ಕ್ಷಮಿಸಿ, ನಿವೃತ್ತನಿಗೆ ಬೇರೆ ಕೆಲಸವಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಸುತ್ತಿದವರು. ಅದಕ್ಕೂ ನೂರು ವರ್ಷ ಹಿಂದೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸುರಪುರದ ಸೀಮೆಯಲ್ಲಿ ಓಡಾಡಿದ್ದ. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಉಪಕರಣ ಗುರುತಿಸಿದ್ದು ಅವನೇ. ಇಸಾಂಪುರದಲ್ಲಿ ಉತ್ಖನನ ನಡೆದದ್ದು 1997ರಿಂದ 2001ರವರೆಗೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲನ್ನು ಇಎಸ್‌ಆರ್ ವಿಧಾನದಲ್ಲಿ (ಹಲ್ಲಿನಲ್ಲಿ ಕೂಡಿಕೊಂಡ ವಿಕಿರಣದ ಗುರುತಿನಿಂದ ವಯಸ್ಸು ಅಳೆಯುವುದು) ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಕೆಲವೇ ಹಲ್ಲುಗಳ ಮೇಲೆ ನಿಂತ ಲೆಕ್ಕ, ಆ ಎಚ್ಚರ ಇರಲಿ.

ಮುಖ್ಯ ಸಂಗತಿ ಕಾಲವಲ್ಲ. ಅಲ್ಲಿ ನೆಲದಲ್ಲೇ ಸುಣ್ಣಕಲ್ಲಿನ ಹಾಸುಗಳು ಮೇಲೆದ್ದಿವೆ, ಸಿಲಿಕಾ ಸೇರಿ ಗಟ್ಟಿಯಾದ ಕಲ್ಲು. ಬಿರುಕುಗಳಿರುವ ಕಡೆ ಹಾಸುಗಳನ್ನು ಮೀಟಿ ಎಬ್ಬಿಸಿದ್ದಾರೆ. ತೆಳುವಾದ ಹಾಸು ಸಿಕ್ಕರೆ ಅಂಚು ಒಡೆದು ನೇರವಾಗಿ ಕೈಗೊಡಲಿ. ದಪ್ಪನೆಯದಾದರೆ ಅದರಿಂದ ದೊಡ್ಡ ಚಕ್ಕೆ ಎಬ್ಬಿಸಿ, ಅದನ್ನು ಅಗಲ ಬಾಯಿಯ ಕ್ಲೀವರ್ ಆಗಿ ತಿದ್ದಿದ್ದಾರೆ. ಅಂದರೆ ಕಲ್ಲಿನ ದಪ್ಪ ನೋಡಿ ಇದು ಇದಕ್ಕೆ, ಅದು ಅದಕ್ಕೆ ಅನ್ನುವ ತೀರ್ಮಾನ. ಸುತ್ತಿಗೆಗೆ ಆ ಸುಣ್ಣಕಲ್ಲು ನಡೆಯದು. ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್ ಎಂಬ ಗಟ್ಟಿ ಕಲ್ಲುಗಳ ಉಂಡೆಗಳನ್ನು ಬೇರೆ ಕಡೆಯಿಂದ ಹೊತ್ತು ತಂದಿದ್ದಾರೆ. ಕೆಲಸಕ್ಕೆ ಹೊರಡುವ ಮೊದಲೇ ಕೈಚೀಲ ಸಿದ್ಧ ಮಾಡಿಕೊಂಡ ಹಾಗೆ.

ಗೀಜಗರಿಗೆ ಒಂದು ಪ್ರಶ್ನೆ: ನಕ್ಷೆ ರಕ್ತದಲ್ಲಿ ಬರಬಹುದು. ಎಲ್ಲಿ ಯಾವ ಕಲ್ಲು ಸಿಗುತ್ತದೆ, ಯಾವುದರಿಂದ ಯಾವುದನ್ನು ಹೊಡೆಯಬೇಕು ಅನ್ನುವುದೂ ರಕ್ತದಲ್ಲಿ ಬಂದೀತೆ? ಕೆರಿ ಶಿಪ್ಟನ್ ಅನ್ನುವವರು ಇದೇ ಇಸಾಂಪುರದ ಸಾಮಗ್ರಿಯನ್ನು ಇಟ್ಟುಕೊಂಡು, ಇವರು ಒಬ್ಬರ ಕೈ ನೋಡಿ ಇನ್ನೊಬ್ಬರು ಅನುಕರಿಸುತ್ತಿದ್ದರು, ಒಂದೇ ಉದ್ದೇಶಕ್ಕೆ ಕೂಡಿ ದುಡಿಯುವ ಬುದ್ಧಿ ಇತ್ತು ಎಂದು ವಾದಿಸಿದ್ದಾರೆ.

ಇನ್ನೊಂದು. ಪದ್ದಯ್ಯನವರು ಇಡೀ ಕಣಿವೆಯ ನೆಲೆಗಳು ಎಲ್ಲೆಲ್ಲಿ ಹರಡಿವೆ ನೋಡಿ ಒಂದು ಊಹೆ ಮುಂದಿಟ್ಟರು: ಬೇಸಿಗೆಯಲ್ಲಿ ನೀರು ಬತ್ತದ ಊಟೆ, ಹಳ್ಳಗಳ ಹತ್ತಿರ ಗುಂಪುಗಳೆಲ್ಲ ಒಟ್ಟಾಗುತ್ತಿದ್ದವು, ಮಳೆ ಬಿದ್ದ ಮೇಲೆ ಚದುರುತ್ತಿದ್ದವು. ಒಂದೊಂದು ಕೊಡಲಿಯ ಚೆಲುವಿನಿಂದ ಇದು ಗೊತ್ತಾಗುವಂಥದ್ದಲ್ಲ.

ಕಲ್ಲುಸಕ್ಕರೆ:
ಮೇಷ್ಟ್ರೇ, ನಮಸ್ಕಾರ. ನಮ್ಮ ರಾಜ್ಯದಲ್ಲೇ ಇರೋದನ್ನ ಬಿಟ್ಟು ನಾನು ಲಂಡನ್ನಿಗೆ ಹೋಗಿ ಬೆರಗಾದೆ ಅಂತ ನಾಚಿಕೆ ಆಗ್ತಿದೆ. ಹಾಸುಗಲ್ಲು ಎಬ್ಬಿಸೋಕೆ ಒಬ್ಬರ ಕೈಲಿ ಆಗುತ್ತಾ? ಅದಕ್ಕೇ ಜನ ಬೇಕಲ್ಲ?

ಉಳಿಪೆಟ್ಟು:
ಮೊದಲ ಸಲ ಇಲ್ಲಿ ಬರೀತಿದ್ದೀನಿ. ನಮ್ಮದು ಕಲ್ಲು ಕೆಲಸದ ಮನೆ. ತಾತ ಒರಳು, ಬೀಸುಕಲ್ಲು ಮಾಡ್ತಿದ್ದರು, ಅಪ್ಪ ದೇವರ ವಿಗ್ರಹ, ನಾನು ಈಗ ಕಂಪ್ಯೂಟರ್ ಮುಂದೆ.

ಅಕ್ಕ ಕೇಳಿದ್ದಕ್ಕೆ: ಬಿರುಕು ಸರಿಯಾಗಿ ಓದಿದರೆ ಒಬ್ಬನೇ ಸನ್ನೆಗೋಲು ಹಾಕಿ ಹಾಸು ಎಬ್ಬಿಸಬಹುದು. ತಿರುಗಿಸೋಕೆ, ಹೊಡೆಯೋವಾಗ ಅಲ್ಲಾಡದ ಹಾಗೆ ಹಿಡಿಯೋಕೆ ಇನ್ನೊಂದು ಜೊತೆ ಕೈ ಇದ್ದರೆ ಸುಖ. ಆದ್ದರಿಂದ "ಜನ ಬೇಕೇ ಬೇಕು" ಅನ್ನೋಕಾಗಲ್ಲ, "ಜನ ಇದ್ದರೆ ಕೆಲಸ ಸಾಗುತ್ತೆ" ಅನ್ನಬಹುದು.

ನಾನು ಹೇಳಬೇಕು ಅಂದ್ಕೊಂಡಿದ್ದು ಕಲಿಯೋದರ ಬಗ್ಗೆ. ಕಲ್ಲು ಕೆಲಸದಲ್ಲಿ ಕಣ್ಣಿಗೆ ಕಾಣೋದು ಪೆಟ್ಟು. ಕಾಣದೆ ಇರೋದು ಪೆಟ್ಟಿಗೆ ಮುಂಚಿನ ತಯಾರಿ. ಚಕ್ಕೆ ಎಬ್ಬಿಸಬೇಕಾದರೆ ಅಂಚನ್ನ ಮೊದಲು ಉಜ್ಜಿ ಗಟ್ಟಿ ಮಾಡ್ಕೋಬೇಕು, ಕೋನ ನೋಡ್ಕೋಬೇಕು. ಇಲ್ಲದಿದ್ದರೆ ಅಂಚು ಪುಡಿಯಾಗುತ್ತೆ, ಚಕ್ಕೆ ಬರಲ್ಲ. ಪಕ್ಕದಲ್ಲಿ ಕೂತು ನೋಡೋ ಹುಡುಗ ಬರೀ ಪೆಟ್ಟನ್ನ ನಕಲು ಮಾಡ್ತಾನೆ, ಉಜ್ಜೋದನ್ನ ಬಿಡ್ತಾನೆ. ನಾನೂ ಹಾಗೇ ಮಾಡ್ತಿದ್ದೆ. ಅಪ್ಪ ಮಾತಾಡ್ತಿರಲಿಲ್ಲ, ನನ್ನ ಮಣಿಕಟ್ಟು ಹಿಡಿದು ಅರ್ಧ ಇಂಚು ತಿರುಗಿಸ್ತಿದ್ದರು. ಅಷ್ಟೇ ಪಾಠ.

ತೆಳ್ಳಗಿನ ಕೈಗೊಡಲಿ ಮಾಡೋದು ಇನ್ನೂ ಕಷ್ಟ. ಚಕ್ಕೆ ಅಂಚಿಂದ ಹೊರಟು ನಡು ದಾಟಬೇಕು. ಅದಕ್ಕೆ ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಕಲ್ಲಿನ ಬದಲು ಮೂಳೆ, ಜಿಂಕೆ ಕೊಂಬಿನ ಸುತ್ತಿಗೆ ಬಳಸಿದ್ದಾರೆ ಅಂತ ಓದಿದ್ದೀನಿ. ಮೆತ್ತನೆ ಸುತ್ತಿಗೆ ಅನ್ನೋದು ತಾನಾಗಿ ಹೊಳೆಯೋ ಸಂಗತಿ ಅಲ್ಲ. ಗಟ್ಟಿ ಕಲ್ಲನ್ನ ಮೆತ್ತನೆ ವಸ್ತುವಿಂದ ಒಡೆಯಬಹುದು ಅಂತ ಯಾರೋ ತೋರಿಸಬೇಕು.

ಗೀಜಗ:
ಉಳಿಪೆಟ್ಟು ಅವರೇ, ನಿಮ್ಮ ಮಾತಿಗೆ ಬೆಲೆ ಕೊಡ್ತೀನಿ. ಒಂದು ಅಡ್ಡಮಾತು. ನಾವು "ಸುಂದರ ಕೊಡಲಿ" ಅಂತ ಕರೆಯೋದು ಎಷ್ಟೋ ಸಲ ಸವೆದ ಕೊಡಲಿ. ಬಳಸಿದರು, ಮೊಂಡಾಯಿತು, ಮತ್ತೆ ಚಕ್ಕೆ ಎಬ್ಬಿಸಿ ಹರಿತ ಮಾಡಿದರು. ಹತ್ತು ಸಲ ಹೀಗೆ ಆದಮೇಲೆ ಉಳಿದ ಆಕಾರವನ್ನ ನೋಡಿ "ಆಹಾ, ಎಂಥ ಕಲೆಗಾರ" ಅಂತೀವಿ. ಹೊಲದಲ್ಲಿ ಮಚ್ಚು ಮಸೆದು ಮಸೆದು ಕೊನೆಗೆ ಕಡ್ಡಿ ಆಗಿರುತ್ತಲ್ಲ, ಅದನ್ನ ನೋಡಿ ಕಮ್ಮಾರ ಬೇಕಂತಲೇ ಹಾಗೆ ಮಾಡಿದ ಅಂದ ಹಾಗೆ. ಆ ಆಕಾರ ಯಾರ ಮನಸ್ಸಿನಲ್ಲೂ ಇರಲಿಲ್ಲ ಅನ್ನೋ ಸಾಧ್ಯತೆ ಉಂಟು.

ಉಳಿಪೆಟ್ಟು:
ಕೆಲವಕ್ಕೆ ಒಪ್ಪುತ್ತೀನಿ. ಆದರೆ ಇಂಗ್ಲೆಂಡಿನ ಫರ್ಜ್ ಪ್ಲಾಟ್‌ನಲ್ಲಿ ಸಿಕ್ಕ ಕೊಡಲಿ 30 ಸೆಂ.ಮೀ. ಉದ್ದ. ಅದು ಸವೆದು ಆ ಗಾತ್ರಕ್ಕೆ ಬಂದಿದ್ದರೆ ಹೊಸದರಲ್ಲಿ ಎಷ್ಟಿತ್ತು ಸ್ವಾಮಿ?

ಗೀಜಗ:
😂 ಸೋತೆ. ಒಂದು ಕೊಡಲಿಯ ಮಟ್ಟಿಗೆ ಮಾತ್ರ.

ಮಲೆನಾಡ್ತಿ:
ಉಳಿಪೆಟ್ಟು ಅವರ ಮಣಿಕಟ್ಟಿನ ಮಾತು ಓದಿ ಒಂದು ಪ್ರಯೋಗ ನೆನಪಾಯ್ತು. 2015ರಲ್ಲಿ ಥಾಮಸ್ ಮಾರ್ಗನ್ ಮತ್ತು ತಂಡದವರು 184 ಜನಕ್ಕೆ ಕಲ್ಲಿನ ಚಕ್ಕೆ ಎಬ್ಬಿಸೋದನ್ನ ಐದು ಥರ ಕಲಿಸಿದರು. ಕೆಲವರಿಗೆ ಮಾಡಿಟ್ಟ ಚಕ್ಕೆ ಮಾತ್ರ ತೋರಿಸಿದರು, ಕೆಲವರಿಗೆ ಬರೀ ನೋಡಿ ಕಲಿಯೋಕೆ ಬಿಟ್ಟರು, ಕೆಲವರ ಕೈ ತಿದ್ದಿದರು, ಕೆಲವರಿಗೆ ಸನ್ನೆ, ಕೆಲವರಿಗೆ ಮಾತು. ಬರೀ ನೋಡಿದವರು ಹೆಚ್ಚೇನೂ ಸುಧಾರಿಸಲಿಲ್ಲ. ಕಲಿಸಿಕೊಂಡವರ ಕೈ ಒಳ್ಳೆಯದಾಯ್ತು, ಮಾತಲ್ಲಿ ಹೇಳಿಸಿಕೊಂಡು ಕಲಿತವರದ್ದು ಎಲ್ಲಕ್ಕಿಂತ. ಗೀಜಗ ಆಕ್ಷೇಪ ಎತ್ತೋ ಮೊದಲೇ ಹೇಳ್ತೀನಿ, ಅದು ಕೈಗೊಡಲಿ ಅಲ್ಲ, ಅದಕ್ಕೂ ಹಿಂದಿನ ಓಲ್ಡೋವನ್ ಥರದ ಸಾದಾ ಚಕ್ಕೆ. ಸಾದಾ ಚಕ್ಕೆಗೇ ಇಷ್ಟಾದರೆ...

ಇನ್ನೊಂದು ನಂಗೆ ತುಂಬ ಇಷ್ಟವಾದದ್ದು. ಡೀಟ್ರಿಕ್ ಸ್ಟೌಟ್ ಅನ್ನೋರು ಇಂಡೊನೇಷ್ಯಾದ ಪಾಪುವಾದಲ್ಲಿ ಲಾಂಗ್ಡಾ ಅನ್ನೋ ಹಳ್ಳಿಗೆ ಹೋಗಿ ಕಲ್ಲಿನ ಬಾಚಿ ಮಾಡೋರ ಜೊತೆ ಇದ್ದು ಬರೆದಿದ್ದಾರೆ. ಅಲ್ಲಿ ಗಂಡಸರು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕೆತ್ತಲ್ಲ. ಸಾಲಾಗಿ ಕೂರ್ತಾರೆ, ಮಾತಾಡ್ತಾ, ಬೈತಾ, ಪಕ್ಕದವನ ಕಲ್ಲು ಕೆಟ್ಟರೆ ಇಸ್ಕೊಂಡು ಸರಿ ಮಾಡಿ ಕೊಡ್ತಾರೆ. ಪಳಗೋಕೆ ಐದು ವರ್ಷಕ್ಕಿಂತ ಹೆಚ್ಚು ಬೇಕು. ನಮ್ಮಲ್ಲಿ ಹಪ್ಪಳ ಒತ್ತೋ ದಿನ ಇದ್ದ ಹಾಗೆ. ಹೊಸ ಸೊಸೆಯ ಹಪ್ಪಳ ದಪ್ಪ ಆಗುತ್ತೆ, ಅತ್ತೆ ಏನೋ ಅಂತಾಳೆ, ಚಿಕ್ಕಮ್ಮ ನಗ್ತಾಳೆ, ಮಧ್ಯಾಹ್ನದ ಹೊತ್ತಿಗೆ ಸೊಸೆ ಕೈ ತೆಳು ಆಗಿರುತ್ತೆ. ಇವತ್ತಿನ ಪಾಪುವಾದವರು 12 ಲಕ್ಷ ವರ್ಷ ಹಿಂದಿನವರಲ್ಲ, ಅವರೂ ನಮ್ಮ ಹಾಗೆ ಪೂರ್ತಿ ಮನುಷ್ಯರು, ಗೊತ್ತು. ಆದರೂ ಕಲ್ಲಿನ ಕೆಲಸ ಕೂಡಿ ಕೂತಾಗ ಹೇಗಿರುತ್ತೆ ಅನ್ನೋದು ಕಣ್ಣಿಗೆ ಕಟ್ಟುತ್ತೆ.

ಹೊಸಬ_88:
ನಮ್ಮೂರ ಕಟ್ಟೆ ಮೇಲೆ ಕೊಡಲಿ ಆಕಾರದ ನುಣುಪಾದ ಕಲ್ಲುಗಳನ್ನ ಇಟ್ಟು ಕುಂಕುಮ ಹಚ್ಚಿದ್ದಾರೆ. ಅದೂ ಇದೇನಾ? ಒಂದು ತಗೊಂಡು ಬಂದು ಫೋಟೋ ಹಾಕಲಾ?

ಇತಿಹಾಸದ_ಮೇಷ್ಟ್ರು:
ತಗೊಂಡು ಬರಬೇಡಿ, ಇದ್ದಲ್ಲೇ ಫೋಟೋ ತೆಗೆಯಿರಿ. ನುಣುಪಾಗಿ ಉಜ್ಜಿದ್ದಾದರೆ ಅದು ನವಶಿಲಾಯುಗದ್ದು, ಬೇಸಾಯ ಪಶುಪಾಲನೆ ಬಂದ ಕಾಲ, ಕೆಲವೇ ಸಾವಿರ ವರ್ಷ. ಮರದ ಹಿಡಿಗೆ ಸಿಕ್ಕಿಸುವ ಕೊಡಲಿ. ನಾವು ಮಾತಾಡುತ್ತಿರುವುದಕ್ಕೆ ಹಿಡಿಯೇ ಇಲ್ಲ, ಅಂಗೈಯೇ ಹಿಡಿ. ಎರಡಕ್ಕೂ ನಡುವೆ ಇರುವ ಅಂತರಕ್ಕೆ ಹೋಲಿಸಿದರೆ ನಾವೂ ನವಶಿಲಾಯುಗದವರೂ ಅಕ್ಕಪಕ್ಕದ ಮನೆಯವರು.

ಸಗರನಾಡು:
ಮೇಷ್ಟ್ರ, ಬಾಕ್ಸ್‌ಗ್ರೋವ್ ಹೆಸರು ಬಂತಲ್ಲ, ಅಲ್ಲೀದೂ ಸ್ವಲ್ಪ ಹೇಳ್ರಿ. ನಮ್ಮ ಕಡೆ ಮೂಳಿ ಜಾಸ್ತಿ ಉಳಿದಿಲ್ಲ, ಅವರ ಕಡೆ ಕುದುರಿ ಸಿಕ್ಕದಂತ.

ಇತಿಹಾಸದ_ಮೇಷ್ಟ್ರು:
ಹೌದಪ್ಪ. ಸಸೆಕ್ಸ್ ಪ್ರಾಂತ್ಯ, ಸುಮಾರು 4.8 ಲಕ್ಷ ವರ್ಷ ಹಿಂದೆ. ಸಮುದ್ರದ ಅಂಚಿನ ಕೆಸರಿನ ಬಯಲಲ್ಲಿ ಒಂದು ಕುದುರೆ ಸತ್ತಿದೆ ಅಥವಾ ಕೊಂದಿದ್ದಾರೆ. ಅದರ ಸುತ್ತ ಕೂತು ಚಕಮಕಿ ಕಲ್ಲಿನಲ್ಲಿ ಕೊಡಲಿ ಮಾಡಿ, ಕುದುರೆಯನ್ನು ಪೂರ್ತಿ ಬಿಡಿಸಿದ್ದಾರೆ, ಮೂಳೆ ಜಜ್ಜಿ ಮಜ್ಜೆ ತೆಗೆದಿದ್ದಾರೆ. ಸ್ವಲ್ಪ ಹೊತ್ತಿಗೆ ಮೆತ್ತಗೆ ಹೂಳು ಮುಚ್ಚಿದೆ. ಹಾಗಾಗಿ ಚಕ್ಕೆಗಳು ಬಿದ್ದ ಜಾಗದಲ್ಲೇ ಇವೆ. ಒಬ್ಬೊಬ್ಬರೂ ಕೂತ ಜಾಗದಲ್ಲಿ ಒಂದೊಂದು ಗುಡ್ಡೆ. ಚಕ್ಕೆಗಳನ್ನು ಒಡೆದ ಮಡಕೆಯಂತೆ ಮರುಜೋಡಿಸಿದರೆ ನಡುವೆ ಟೊಳ್ಳು ಉಳಿಯುತ್ತದೆ, ಆ ಟೊಳ್ಳೇ ಕೊಡಲಿಯ ಆಕಾರ. ಕೊಡಲಿಗಳನ್ನು ಮಾತ್ರ ಬಹುಪಾಲು ಕೈಲಿ ಹಿಡಿದು ಹೋಗಿದ್ದಾರೆ.

ಅಗೆದವರ ಅಂದಾಜಿನಲ್ಲಿ ಇವರ ಹಿಂದೆ 30-40 ಮಂದಿಯ ಗುಂಪು ಇತ್ತು, ಕುದುರೆಯ ಸುತ್ತ ಮಕ್ಕಳು ಮುದುಕರೂ ನೆರೆದಿರಬಹುದು. ಅಂದಾಜು ಅಂದೆ, ನೋಡಿದವರಿಲ್ಲ.

ಗೀಜಗ:
ಇದನ್ನ ಒಪ್ಪಿದೆ. ಆದರೆ ನೋಡಿ, ನಿಮ್ಮನ್ನ ಒಪ್ಪಿಸಿದ್ದೂ ನನ್ನನ್ನ ಒಪ್ಪಿಸಿದ್ದೂ ಕೊಡಲಿ ಅಲ್ಲ, ಚಕ್ಕೆ. ಕೊಡಲಿ ಅಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ!

ಕಲ್ಲುಸಕ್ಕರೆ:
ಅಯ್ಯೋ, ನನ್ನ ಪ್ರಶ್ನೆಯ ತಲೆಬರಹವೇ ತಪ್ಪಾಯ್ತಲ್ಲ.

ಇತಿಹಾಸದ_ಮೇಷ್ಟ್ರು:
ತಪ್ಪೇನಿಲ್ಲ. ಒಂದು ಅಳತೆ ಮಾತ್ರ ಮರೆಯಬಾರದು: ಕಲ್ಲು ಎಷ್ಟು ದೂರದಿಂದ ಬಂತು ಅನ್ನುವುದು. ಕೀನ್ಯಾದ ಓಲೊರ್ಗೆಸೈಲಿಯಲ್ಲಿ ಕೈಗೊಡಲಿಗಳು ಜಾತ್ರೆಯಲ್ಲಿ ಬಿಟ್ಟ ಚಪ್ಪಲಿಯಂತೆ ನೆಲದ ತುಂಬ ಬಿದ್ದಿವೆ. 1940ರ ದಶಕದಲ್ಲಿ ಪುರಾತತ್ವಜ್ಞರಾದ ಲೀಕಿ ದಂಪತಿ ಕಂಡ ಜಾಗ. ಅಲ್ಲಿ ಕೈಗೊಡಲಿಯ ಕಾಲದವರು ಬಳಸಿದ್ದು ಬಹುಪಾಲು ಐದು ಕಿಲೋಮೀಟರ್ ಒಳಗಿನ ಕಲ್ಲು. ನಂತರ, ಸುಮಾರು 3.2 ಲಕ್ಷ ವರ್ಷ ಹಿಂದಿನ ಪದರದಲ್ಲಿ ಕೈಗೊಡಲಿ ಮಾಯ, ಬದಲಿಗೆ ಚಿಕ್ಕ ನಾಜೂಕು ಉಪಕರಣಗಳು. ಅವುಗಳಲ್ಲಿ ಕಪ್ಪು ಅಬ್ಸಿಡಿಯನ್ ಗಾಜುಗಲ್ಲು ಇದೆ, 25ರಿಂದ 90 ಕಿಲೋಮೀಟರ್ ದೂರದಿಂದ ಬಂದದ್ದು. ದೂರದ ಗುಂಪಿನವರ ಜೊತೆ ಕೊಡು-ಕೊಳ್ಳುವಿಕೆ ಇತ್ತು ಅಂತ 2018ರಲ್ಲಿ ಇದನ್ನು ಪ್ರಕಟಿಸಿದವರ ಅಭಿಪ್ರಾಯ.

ಹಿಂದಿರುಗಿ ನೋಡಿದರೆ ಕೈಗೊಡಲಿಯವರ ಲೋಕ ಚಿಕ್ಕದು. ತಮ್ಮವರ ಜೊತೆ ಅಕ್ಕರೆ ಇದ್ದಿರಬಹುದು, ಕಲಿಸುವುದೂ ಇದ್ದಿರಬಹುದು. ಗುಡ್ಡದಾಚೆಯವರ ಜೊತೆ ನಂಟು ಇತ್ತು ಅನ್ನುವುದಕ್ಕೆ ಕಲ್ಲು ಸಾಕ್ಷಿ ಹೇಳುತ್ತಿಲ್ಲ. ಸ್ಪೈಕಿನ್ಸ್ ಹೇಳುವ ನಂಬಿಕೆ ಇದ್ದರೂ ಅದು ಒಲೆಯ ಸುತ್ತಿನ ನಂಬಿಕೆ, ಸಂತೆಯ ನಂಬಿಕೆಯಲ್ಲ. ನನ್ನ ತೂಕ ಈ ಕಡೆ.

ಮಲೆನಾಡ್ತಿ:
ಅಕ್ಕರೆಗೆ ಕೈಗೊಡಲಿ ಬೇಕೂ ಇಲ್ಲ ಮೇಷ್ಟ್ರೇ. ಜಾರ್ಜಿಯಾದ ದ್ಮಾನಿಸಿಯಲ್ಲಿ ಒಂದು ತಲೆಬುರುಡೆ ಸಿಕ್ಕಿದೆ, ಸುಮಾರು 17.7 ಲಕ್ಷ ವರ್ಷದ್ದು. ಒಂದು ಬಿಟ್ಟು ಹಲ್ಲೆಲ್ಲ ಉದುರಿ, ವಸಡು ಕೂಡಿಕೊಂಡು, ಆಮೇಲೂ ಆ ಜೀವ ಬದುಕಿತ್ತು. ಯಾರೋ ಮೆತ್ತನೆ ಊಟ ಹೊಂದಿಸಿಕೊಟ್ಟಿರಬಹುದು ಅಂತಾರೆ. ಅಲ್ಲಿದ್ದದ್ದು ಬರೀ ಸಾದಾ ಚಕ್ಕೆ, ಉಂಡೆಗಲ್ಲು.

ಕಲ್ಲುಸಕ್ಕರೆ:
ಕೊಡಲಿಯನ್ನ ಪ್ರೀತಿಯಿಂದ ಯಾರಿಗಾದರೂ ಕೊಟ್ಟ ಉದಾಹರಣೆ ಒಂದೂ ಇಲ್ವಾ?

ಮಲೆನಾಡ್ತಿ:
ಇರಬಹುದಾದದ್ದು ಒಂದಿದೆ. ಸ್ಪೇನಿನ ಅಟಪುಯೆರ್ಕಾದಲ್ಲಿ ಆಳವಾದ ಗುಂಡಿ, ಸುಮಾರು 4.3 ಲಕ್ಷ ವರ್ಷ ಹಳೆಯದು. ಕನಿಷ್ಠ 28 ಜನರ ಮೂಳೆ. ಅವರ ನಡುವೆ ಒಂದೇ ಒಂದು ಕೈಗೊಡಲಿ, ಕೆಂಪು ಛಾಯೆಯ ಕ್ವಾರ್ಟ್ಜೈಟ್. ಸತ್ತವರಿಗೆ ಇಟ್ಟದ್ದು ಅಂತ ಅಗೆದವರು ನಂಬ್ತಾರೆ, ಸುಮ್ಮನೆ ಬಿದ್ದದ್ದು ಅನ್ನೋರೂ ಇದ್ದಾರೆ. ನಂಗೆ ಇಟ್ಟದ್ದೇ ಅನ್ನಿಸುತ್ತೆ. ಆಧಾರ ಕೇಳಬೇಡಿ.

ಗೀಜಗ:
ಕೇಳಲ್ಲ. ಇವತ್ತು ಹಬ್ಬ ಅಂತ ಬಿಟ್ಟಿದ್ದೀನಿ.

ಉಳಿಪೆಟ್ಟು:
ಎರಡು ವಾರ ಆಯ್ತು, ಮತ್ತೆ ಬಂದೆ. ನಿಮ್ಮ ಮಾತೆಲ್ಲ ಕೇಳಿ ಕೈ ತುರಿಸ್ತು. ಮನೆಗೆ ಹಾಸಿ ಉಳಿದಿದ್ದ ಶಹಾಬಾದಿ ಪರಸಿ ಕಲ್ಲಿನ ತುಂಡು ಹಿಡ್ಕೊಂಡು ಭಾನುವಾರ ಅಂಗಳದಲ್ಲಿ ಕೂತೆ. ಪದರ ಪದರವಾಗಿ ಸೀಳಿಹೋಯ್ತು. ಮೂರನೇ ತುಂಡಿನಲ್ಲಿ ಕೊಡಲಿ ಅಂತ ಹೇಳಬಹುದಾದ ಏನೋ ಒಂದು ಬಂತು, ಕೊನೇ ಪೆಟ್ಟಿಗೆ ಎರಡು ಹೋಳು.

ಅಕ್ಕನ ಮಗಳು, ಆರು ವರ್ಷ, ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡ್ತಿದ್ದಳು. ಅವಳಿಗೂ ಕನ್ನಡಕ ಹಾಕಿಸಿ ಒಂದು ಉಂಡೆಗಲ್ಲು ಕೊಟ್ಟೆ. ಅಂಚು ಉಜ್ಜೋದನ್ನ ಬಿಟ್ಟು ಪೆಟ್ಟು ಮಾತ್ರ ನಕಲು ಮಾಡಿದಳು. ನಾನು ಅವಳ ಮಣಿಕಟ್ಟು ಹಿಡಿದು ತಿರುಗಿಸಿದೆ. ಒಂದು ಚಕ್ಕೆ ಬಂತು, ಉಗುರಿನಷ್ಟು. ಸಂಜೆ ನೋಡಿದರೆ ನನ್ನ ಮುಂದೆ ದೊಡ್ಡ ಗುಡ್ಡೆ, ಅವಳ ಮುಂದೆ ಚಿಕ್ಕದು, ನಡುವೆ ನಮ್ಮ ಕಾಲು ಇದ್ದ ಜಾಗ ಮಾತ್ರ ಖಾಲಿ. ಫೋಟೋ ತೆಗೆದು ಹಾಕಬೇಕು ಅಂತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಗುಡಿಸಿ, ಸಾರಿಸಿ, ರಂಗೋಲಿ ಹಾಕಿಬಿಟ್ಟಿದ್ದರು.